ಮಂಗಳೂರಿನ ಪಬ್ಬಿನಲ್ಲಿ ಕ್ರಾಫ್ಟ್ ಬಿಯರ್‌ಗೆ ಅಂಕ ಕೊಡುವುದು ಹೇಗೆ?

ಕ್ರಾಫ್ಟ್ ಬಿಯರ್ ಅಂದರೆ ಸಣ್ಣ ಬ್ರೂವರಿಗಳು ಕಡಿಮೆ ಪ್ರಮಾಣದಲ್ಲಿ ಮಾಡುವ ಬಿಯರ್. ಬೈಕ್ ಮನೆಯಲ್ಲೇ ಇರಲಿ, ರಿಕ್ಷಾ ಹಿಡಿಯಿರಿ. ಮೊದಲೇ ಪಿಂಟ್ (ದೊಡ್ಡ ಗ್ಲಾಸು) ಹೇಳಬೇಡಿ, ರುಚಿ ನೋಡುವ ಸಣ್ಣ ಗ್ಲಾಸುಗಳ ಸ್ಯಾಂಪ್ಲರ್ ಕೇಳಿ, 100-150 ಮಿ.ಲೀ.ಯ ನಾಲ್ಕು ಗ್ಲಾಸು ಒಂದು ಸಂಜೆಗೆ ಧಾರಾಳ. ಗೋಧಿಯ ಹಗುರ ವೀಟ್ ಬಿಯರ್ ಮೊದಲು, ಆಮೇಲೆ ಕಹಿ ಜಾಸ್ತಿಯಿರುವ ಐಪಿಎ, ಕೊನೆಗೆ ಕಪ್ಪು ಬಣ್ಣದ ಸ್ಟೌಟ್. ಐಪಿಎಯ ಕಹಿ ನಾಲಿಗೆಗೆ ಹತ್ತಿದರೆ ವೀಟ್ ಬಿಯರ್ ಬರೀ ನೀರು ಅನಿಸುತ್ತದೆ. ಘೀ ರೋಸ್ಟ್, ಬಂಗುಡೆ ಫ್ರೈ ಅಂಕ ಬರೆದ ಮೇಲೆಯೇ ಬರಲಿ. ಖಾರದ ಬಾಯಿಗೆ ಕಹಿ ಇನ್ನಷ್ಟು ಚುಚ್ಚುತ್ತದೆ.

ತೀರಾ ತಣ್ಣಗಿದ್ದರೆ ಘಮ ಏಳುವುದಿಲ್ಲ. ನಮ್ಮ ಸೆಕೆಗೆ ಐದು ನಿಮಿಷ ಬಿಟ್ಟರೆ ಸಾಕು, ಸ್ಟೌಟ್‌ಗೆ ಹತ್ತು. ಗ್ಲಾಸನ್ನು ಎರಡು ಸುತ್ತು ತಿರುಗಿಸಿ, ನೊರೆ ಇಳಿಯುವ ಮೊದಲೇ ಮೂಸಿ. ಜರ್ಮನ್ ಬಗೆಯ ವೀಟ್ ಬಿಯರ್‌ನಲ್ಲಿ ಬಾಳೆಹಣ್ಣು, ಲವಂಗದ ಘಮ ಇರಬೇಕು. ಅದು ಯೀಸ್ಟ್‌ನ ಕೆಲಸ, ಯಾರೂ ಲವಂಗ ಹಾಕಿದ್ದಲ್ಲ. ಮಬ್ಬಾಗಿದ್ದರೆ ಅಂಕ ಕಳೆಯಬೇಡಿ. ಬೆಣ್ಣೆಯ ವಾಸನೆಯೇ? ಹುದುಗು ಪೂರ್ತಿ ಮುಗಿಯುವ ಮೊದಲೇ ಇಳಿಸಿರಬೇಕು, ಇಲ್ಲವೇ ಪೈಪು ಕೊಳಕು. ವಿನೆಗರ್ ಹುಳಿ ಹೊಡೆದರೆ ವಾಪಸ್ ಕೊಡಿ, ಮುಜುಗರ ಬೇಡ. ಒದ್ದೆ ರಟ್ಟಿನ ವಾಸನೆ ಬಂದರೆ ಬಿಯರ್ ಹಳತಾಗಿದೆ.

ಘಮಕ್ಕೆ 3, ರುಚಿಗೆ 5, ಬಾಯಿ ತುಂಬುವ ಬಗೆಗೆ 2. ಮೊದಲ ಎರಡು ಗುಟುಕಿಗೇ ಬರೆದಿಡಿ. ಮೂರನೇ ಗ್ಲಾಸಿನ ಹೊತ್ತಿಗೆ ಎಲ್ಲ ಬಿಯರೂ ಫಸ್ಟ್ ಕ್ಲಾಸ್.