ಕೆಂಪು ಬೆಳಕು ಹಚ್ಚುವ ಮೊದಲು

ಹುಬ್ಬಳ್ಳಿಯ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ನೋವಿಗೆ, ಚರ್ಮದ ಆರೈಕೆಗೆ ಬಳಸುವ ಎಲ್‌ಇಡಿ ಕೆಂಪು ಬೆಳಕಿನ ಪ್ಯಾನೆಲ್ ತಂದಾಗ ಮೊದಲು ನನ್ನ ಮುಖಕ್ಕೇ ಹಿಡಿದು ನೋಡಿದೆ. ಹತ್ತು ನಿಮಿಷ ಸಾಕು ಎಂದು ಅದರ ಜತೆಗಿದ್ದ ಪುಸ್ತಿಕೆಯಲ್ಲೇ ಇತ್ತು. ನಾನು ದಿನಕ್ಕೆರಡು ಸಲ ಇಪ್ಪತ್ತಿಪ್ಪತ್ತು ನಿಮಿಷ ಕೂತೆ. ಮೂರನೇ ವಾರಕ್ಕೆ, ಬಸುರಿದ್ದಾಗಿನಿಂದ ಕೆನ್ನೆಯ ಮೇಲೆ ತೆಳ್ಳಗೆ ಉಳಿದಿದ್ದ ಬಂಗು ಕಪ್ಪಾಗಿ ಎದ್ದು ಕಂಡಿತು. ಅವತ್ತೇ ನಿಲ್ಲಿಸಿದೆ.

ಈ ಬೆಳಕಿನಲ್ಲಿ ನೇರಳಾತೀತ ಕಿರಣ ಇಲ್ಲ. ಕೆಂಪಿನ ಅಲೆಯುದ್ದ ಸುಮಾರು 630ರಿಂದ 660 ನ್ಯಾನೋಮೀಟರ್, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ 810ರಿಂದ 850. ಹಾಗಾಗಿ ಬಿಸಿಲಿಗೆ ಸುಟ್ಟಂತೆ ಸುಡುವುದಿಲ್ಲ, ನಿಜ. ಆದರೆ ಮಿತವಾದ ಬೆಳಕು ಜೀವಕೋಶಕ್ಕೆ ಚುರುಕು ಕೊಟ್ಟರೆ, ಅತಿಯಾದದ್ದು ಅದೇ ಕೆಲಸವನ್ನು ಹತ್ತಿಕ್ಕುತ್ತದೆ. ಅಮೆರಿಕದ ಎರಡು ಪರೀಕ್ಷೆಗಳಲ್ಲಿ ಬಿಳಿಯರ ಚರ್ಮ ಚದರ ಸೆಂಟಿಮೀಟರಿಗೆ 480 ಜೂಲ್ ಬೆಳಕಿನ ಶಕ್ತಿಯವರೆಗೆ ತಾಳಿತು. ಕಂದು, ಕಪ್ಪು ಚರ್ಮದ ಮಿತಿ 320ಕ್ಕೇ ಮುಗಿಯಿತು. ನಮ್ಮ ಚರ್ಮಕ್ಕೆ ನಾವೇ ಲೆಕ್ಕ ಇಡಬೇಕು.

ಈಗ ದೀಪ ಹಚ್ಚುವ ಮೊದಲು ಗುಳಿಗೆಯ ಚೀಟಿ ಕೇಳುತ್ತೇನೆ. ಮೊಡವೆಗೆ ಡಾಕ್ಸಿಸೈಕ್ಲಿನ್, ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುವ ಕಾಲೇಜು ಹುಡುಗಿಯರು ಬಹಳ. ಇಂಥ ಔಷಧಿಗಳು ಚರ್ಮವನ್ನು ಬೆಳಕಿಗೆ ಸೂಕ್ಷ್ಮ ಮಾಡುತ್ತವೆ. ಅವರ ಡಾಕ್ಟರು ಒಪ್ಪದೆ ನಾನು ಮುಂದುವರಿಯುವುದಿಲ್ಲ. ಬೆಳಕಿಗೆ ಚರ್ಮ ಕೆರಳುವ ಲೂಪಸ್ ಕಾಯಿಲೆ ಇದ್ದವರಿಗೂ ಅಷ್ಟೇ. ಕ್ಯಾನ್ಸರ್ ಗಡ್ಡೆಯ ಮೇಲಂತೂ ಹಿಡಿಯುವುದೇ ಇಲ್ಲ. ಕನ್ನಡಕ ಎಲ್ಲರಿಗೂ ಕಡ್ಡಾಯ: ಇನ್‌ಫ್ರಾರೆಡ್ ಕಾಣದ್ದರಿಂದ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಕೆಲವರಿಗೆ ತಲೆನೋವು, ಸ್ವಲ್ಪ ಹೊತ್ತು ಚರ್ಮ ಕೆಂಪಾಗುವುದು ಉಂಟು. ಅಂಥವರಿಗೆ ಸಮಯ ಇಳಿಸುತ್ತೇನೆ.

ನನ್ನನ್ನು ಹೆಚ್ಚು ಹೆದರಿಸಿದ್ದು ಕುಂದಗೋಳ ಕಡೆಯ ಒಬ್ಬ ಅಜ್ಜ. ಕುಂಟದೆ ನಡೆದೇ ಒಳಗೆ ಬಂದರು. ಕಾಲಿನ ಹೆಬ್ಬೆರಳ ಬುಡದಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಬೊಬ್ಬೆ, ಒಳಗೆ ತಿಳಿನೀರು. ಮಗ ಚೀಲದಿಂದ ಕೆಂಪು ಬಲ್ಬ್ ತೆಗೆದ: “ಮೊಬೈಲ್‌ದಾಗ ತೋರಸೋದು ಇದ ಅಲ್ಲೇನ್ರಿ ಮೇಡಂ?” ಅಲ್ಲ. ಅದು ಶಾಖ ಕೊಡುವ ಹಳೆಯ ಇನ್‌ಫ್ರಾರೆಡ್ ಬಲ್ಬ್. ಒಂದೂವರೆ ಅಡಿಗಿಂತ ದೂರ ಇಡಬೇಕಾದ್ದನ್ನು ಅಂಗಾಲಿಗೆ ಗೇಣು ದೂರದಲ್ಲಿ ಇಟ್ಟಿದ್ದರು. ಅಜ್ಜನಿಗೆ ಹಳೆಯ ಸಕ್ಕರೆ ಕಾಯಿಲೆ.

ಎರಡು ಗಾಜಿನ ಕೊಳವೆ ತೆಗೆದೆ. ಒಂದರಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು. ಕಣ್ಣು ಮುಚ್ಚಿಸಿ, ಗಾಯ ಇಲ್ಲದ ಇನ್ನೊಂದು ಪಾದಕ್ಕೆ ಒಂದೊಂದಾಗಿ ಮುಟ್ಟಿಸಿದೆ.

“ಯಾವುದು ಬಿಸಿ ಐತ್ರಿ, ಅಜ್ಜಾರ?”

“ಎರಡೂ ಒಂದ ಥರಾ ಅದಾವಲ್ಲ, ತಂಗಿ.”