ಕುತ್ತಿಗೆ ನರ ಒತ್ತಿದವರ ಕೈ ಅಂದಾಜು: ಮನೆಯಲ್ಲೇ ನೋಡುವುದು ಹೇಗೆ

ಬನಹಟ್ಟಿ, ಇಳಕಲ್ ಕಡೆ ತಾಸುಗಟ್ಟಲೆ ಕತ್ತು ಬಗ್ಗಿಸಿ ಮಗ್ಗದ ಮುಂದೆ ಕೂಡುವವರಲ್ಲಿ ‘ಕೈ ಜೋಮ ಹಿಡದೈತಿ’ ಎನ್ನುವ ಮಾತು ಹೊಸದಲ್ಲ. ನೋವು, ಜೋಮು ಎಲ್ಲರಿಗೂ ತಿಳಿಯುತ್ತದೆ. ನೋಡದೆಯೇ ಕೈ ಎಲ್ಲಿದೆ ಎಂದು ತಿಳಿಯುವ ಅಂದಾಜು ತಪ್ಪಿದ್ದು ಮಾತ್ರ ಅಳೆದಾಗಲೇ ಗೊತ್ತಾಗುವುದು. ಸ್ನಾಯು, ಕೀಲುಗಳ ಸುದ್ದಿ ಬೆನ್ನುಹುರಿಗೆ ಹೋಗುವುದು ಕುತ್ತಿಗೆಯಲ್ಲಿ ಒತ್ತಿಕೊಂಡ ಅದೇ ನರದ ಬೇರಿನ ಮೂಲಕ.

ಎರಡೂ ಕೈ ಮೊಂಡಾಗಿ ಗುಂಡಿ ಹಾಕಲು ಬಾರದಿದ್ದರೆ, ನಡೆಯುವಾಗ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ಅಳತೆ ಬಿಟ್ಟು ಅಂದೇ ಡಾಕ್ಟರ ಹತ್ತಿರ ಹೋಗಿ. ಅದು ಬೆನ್ನುಹುರಿಯೇ ಒತ್ತಿರುವ ಲಕ್ಷಣವಿರಬಹುದು.

ಬೇಕಾದದ್ದು ಕೋನ ತೋರಿಸುವ ಆಪ್ ಇರುವ ಫೋನ್, ಕ್ರೇಪ್ ಬ್ಯಾಂಡೇಜ್, ಕಣ್ಣಿಗೆ ಕಟ್ಟಲು ಬಟ್ಟೆ, ಜೊತೆಗೊಬ್ಬರು. ಆಪಿನ ಸದ್ದು ಬಂದ್ ಮಾಡಿ. ಬೀಪ್ ಕೇಳಿಸಿದರೆ ಕೈ ಅದನ್ನೇ ಹಿಡಿದು ನಿಲ್ಲುತ್ತದೆ. ಫೋನನ್ನು ಮೊಣಕೈಗಿಂತ ಮೇಲೆ, ತೋಳಿನ ಹೊರಬದಿಗೆ ಕಟ್ಟಿ. ಬಿಗಿ ತೋಳಿನ ಅಂಗಿ ಬೇಡ, ಬಟ್ಟೆ ಜಗ್ಗುವುದೇ ಸುಳಿವಾಗುತ್ತದೆ. ಕೈಯಾಸರೆ ಇಲ್ಲದ ಕುರ್ಚಿಯಲ್ಲಿ ತಲೆ ನೆಟ್ಟಗಿಟ್ಟು ಕೂಡಿಸಿ, ಕೈ ಇಳಿಬಿಟ್ಟಾಗ ಸೊನ್ನೆ ಮಾಡಿ.

ಮೊದಲು ಒಳ್ಳೆಯ ಕೈ. ಜೊತೆಯವರು ಮೊಣಕೈ ಮತ್ತು ಮಣಿಕಟ್ಟಿನ ಕೆಳಗೆ ಅಂಗೈಯಿಟ್ಟು, ಹಿಡಿಯದೆ, ಕೈಯನ್ನು ನಿಧಾನ ಮುಂದಕ್ಕೆ 60 ಡಿಗ್ರಿಗೆ ಎತ್ತಿ 5 ಸೆಕೆಂಡ್ ನಿಲ್ಲಿಸಿ ಇಳಿಸಬೇಕು. ಈಗ ಕುರ್ಚಿಯಲ್ಲಿ ಕೂತವರೇ ಕೈಯನ್ನು ಅದೇ ಜಾಗಕ್ಕೆ ಎತ್ತಿ ‘ಇಲ್ಲೇ’ ಎನ್ನಲಿ. ಅಂಕಿ ಬರೆದುಕೊಳ್ಳಿ, ಸರಿ, ತಪ್ಪು ಹೇಳಬೇಡಿ. ಹೇಳಿದರೆ ಮುಂದಿನ ಸಲ ತಿದ್ದಿಕೊಂಡೇ ಎತ್ತುತ್ತಾರೆ. 40, 60, 80 ಡಿಗ್ರಿ ಕಲಸಿ, ಒಂದೊಂದಕ್ಕೆ 3 ಸಲ. ಆಮೇಲೆ ಇನ್ನೊಂದು ಕೈ. ನೋವು ಶುರುವಾಗುವ ಕೋನ ಬಿಟ್ಟುಬಿಡಿ, ಏಕೆಂದರೆ ನೋವೇ ಗುರುತಾಗುತ್ತದೆ.

ಲೆಕ್ಕದಲ್ಲೇ ಬಹಳ ಜನ ಎಡವುವುದು. 60ಕ್ಕೆ 53, 66, 61 ಬಂತೆನ್ನಿ. ಸರಾಸರಿ ತೆಗೆದರೆ ಸರಿಯಾಗಿ 60, ಏನೂ ತಪ್ಪಿಲ್ಲವೆನಿಸುತ್ತದೆ! ಪ್ಲಸ್ ಮೈನಸ್ ಬಿಟ್ಟು 7, 6, 1 ಕೂಡಿಸಿ 3ರಿಂದ ಭಾಗಿಸಿದರೆ ಸುಮಾರು 4.7. ನಿಜವಾದ ತಪ್ಪು ಇದು. ಗಟ್ಟಿಮುಟ್ಟಾದವರಿಗೂ ಕೆಲವು ಡಿಗ್ರಿ ತಪ್ಪುವುದರಿಂದ ಒಂದು ಕೈಯ ಅಂಕಿಗಿಂತ ಎರಡರ ನಡುವಿನ ವ್ಯತ್ಯಾಸ ನೋಡಿ.

ಕೈಯಲ್ಲಿ ಬಲವೇ ಇಲ್ಲದಿದ್ದರೆ ಈ ಅಳತೆ ಅಶಕ್ತಿಯನ್ನು ತೋರಿಸುತ್ತದೆ, ಅಂದಾಜನ್ನಲ್ಲ. ಆಗ ಎರಡನೇ ಸಲವೂ ಜೊತೆಯವರೇ ಎತ್ತಲಿ, ಜಾಗ ಬಂದಾಗ ‘ನಿಲ್ಲಸ್ರಿ’ ಎಂದರಾಯಿತು. ಜೋಮು ನಡುಬೆರಳಿಗಿದ್ದರೆ ಸಾಮಾನ್ಯವಾಗಿ ಅದು ಕುತ್ತಿಗೆಯ 7ನೇ ನರ. ಫೋನನ್ನು ಮುಂಗೈಗೆ ಕಟ್ಟಿ ಮೊಣಕೈಯನ್ನೂ ಹೀಗೇ ಅಳೆಯಿರಿ. ಕಿರುಬೆರಳಾದರೆ 8ನೆಯದು, ಮೇಲೆ ಹೇಳಿದ ಭುಜದ ಅಳತೆ ಚೊಕ್ಕವಾಗಿಯೇ ಬರಬಹುದು. ಆ ಬೆರಳಿನ ತುದಿಯನ್ನು ಎರಡು ಪಕ್ಕದಿಂದ ಹಿಡಿದು ಸ್ವಲ್ಪ ಮೇಲೆ, ಕೆಳಗೆ ಆಡಿಸಿ ‘ಯಾವ ಕಡೆ?’ ಎಂದು ಕೇಳಿ. ಮೇಲೆ ಕೆಳಗೆ ಹಿಡಿದರೆ ಒತ್ತಡವೇ ಉತ್ತರ ಹೇಳಿಬಿಡುತ್ತದೆ.

ವ್ಯತ್ಯಾಸ ಕಂಡರೆ ಚೀಟಿಯನ್ನು ಫಿಜಿಯೋಥೆರಪಿಸ್ಟರಿಗೆ ತೋರಿಸಿ. ಮತ್ತೆ ಅಳೆಯುವುದು ವಾರಕ್ಕೊಮ್ಮೆ ಸಾಕು. ಅದೂ ಬೆಳಿಗ್ಗೆ, ಮಗ್ಗಕ್ಕೆ ಕೂಡುವ ಮುಂಚೆ. ದಣಿದ ಕೈ ಯಾರದಾದರೂ ತಪ್ಪುತ್ತದೆ.