ಕೊಡ ನೀರಿನೊಳಗೆ ಯಾಕೆ ಹಗುರ? ತೇಲುವುದು, ಮುಳುಗುವುದನ್ನು ನಾನು ಕಲಿಸುವ ಬಗೆ

ದಾವಣಗೆರೆ ಜಿಲ್ಲೆಯ ಭದ್ರಾ ನಾಲೆ ಬಯಲಿನ ಒಂದು ಹಳ್ಳಿಯಲ್ಲಿ ಪ್ರೌಢಶಾಲೆ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ತೇಲುವುದು, ಮುಳುಗುವುದು, ಸಾಂದ್ರತೆ, ಆರ್ಕಿಮಿಡೀಸ್ ತತ್ವ ಎಲ್ಲ ಒಂಬತ್ತನೇ ತರಗತಿಯಲ್ಲಿ ಒಟ್ಟಿಗೇ ಬರುತ್ತವೆ. ನಾನು ಈ ಪಾಠವನ್ನು ಸಾಂದ್ರತೆಯಿಂದ ಶುರು ಮಾಡುವುದಿಲ್ಲ. "ನೀರಿಗಿಂತ ಸಾಂದ್ರತೆ ಜಾಸ್ತಿ ಇದ್ದರೆ ಮುಳುಗುತ್ತದೆ, ಕಡಿಮೆ ಇದ್ದರೆ ತೇಲುತ್ತದೆ" ಎಂಬ ಮಾತು ಸರಿಯೇ. ಬರೆದರೆ ಅಂಕವೂ ಸಿಗುತ್ತದೆ. ಆದರೆ ಯಾವುದು ತೇಲುತ್ತದೆ ಎಂದು ಅದು ಹೇಳುತ್ತದೆಯೇ ಹೊರತು, ಯಾಕೆ ಎಂದು ಹೇಳುವುದಿಲ್ಲ. ನೀರು ವಸ್ತುವನ್ನು ಮೇಲಕ್ಕೆ ತಳ್ಳುತ್ತದೆ. ಆ ತಳ್ಳುವಿಕೆ ಮೊದಲು ಮಕ್ಕಳ ಕೈಗೆ ಗೊತ್ತಾಗಬೇಕು. ಸಾಂದ್ರತೆ ಅದರ ಹಿಂದೆ ಬಂದರೆ ಸಾಕು.

ಅದಕ್ಕೂ ಮುಂಚೆ ಒಂದು ಕೆಲಸ ಇದೆ. "ಭಾರ ಇರೋದು ಮುಳುಗುತ್ತೆ ಮೇಡಂ, ಹಗುರ ಇರೋದು ತೇಲುತ್ತೆ." ಪ್ರತಿ ವರ್ಷ ಈ ಮಾತು ಬಂದೇ ಬರುತ್ತದೆ. ತಪ್ಪು ಎಂದು ನಾನು ಹೇಳಿದರೆ ಅವರು ತಲೆಯಾಡಿಸುತ್ತಾರೆ, ಮನಸ್ಸಿನೊಳಗೆ ಅದು ಹಾಗೇ ಉಳಿಯುತ್ತದೆ. ಅದನ್ನು ಅಲ್ಲಾಡಿಸಬೇಕಾದವು ಎದುರಿಗಿರುವ ವಸ್ತುಗಳು. ಅದಕ್ಕೆ ಒಂದು ದೊಡ್ಡ ಟಬ್ಬಿನ ತುಂಬ ನೀರು, ಒಂದು ಕಲ್ಲಂಗಡಿ, ಒಂದು ಗೊಂಚಲು ದ್ರಾಕ್ಷಿ, ಎರಡು ಕಿತ್ತಳೆ, ಮೇಣದ ಬತ್ತಿ, ಒಂದಷ್ಟು ಕಲ್ಲಿನ ಚೂರು ಇಟ್ಟುಕೊಳ್ಳುತ್ತೇನೆ. ಯಾವುದನ್ನೂ ನೀರಿಗೆ ಹಾಕುವ ಮೊದಲು ಪ್ರತಿಯೊಬ್ಬರೂ ಊಹೆ ಮತ್ತು ಕಾರಣ ಎರಡನ್ನೂ ನೋಟ್ ಪುಸ್ತಕದಲ್ಲಿ ಬರೆಯಬೇಕು. ಈ ಬರೆಸುವ ಕೆಲಸವನ್ನು ನಾನು ಎಂದೂ ಬಿಡುವುದಿಲ್ಲ. ಸುಮ್ನೆ ಬಾಯಲ್ಲಿ ಹೇಳಿದರೆ, ಫಲಿತಾಂಶ ಕಂಡ ಮೇಲೆ "ನಾನೂ ಅದನ್ನೇ ಅಂದುಕೊಂಡಿದ್ದೆ" ಎಂದುಬಿಡುತ್ತಾರೆ. ಬರೆದಿಟ್ಟ ಊಹೆ ಸುಳ್ಳಾದಾಗ ಮಾತ್ರ ನಿಜವಾದ ಪ್ರಶ್ನೆ ಹುಟ್ಟುತ್ತದೆ.

ಮೂರು ಕಿಲೋ ಕಲ್ಲಂಗಡಿ ತೇಲುತ್ತದೆ. ಒಂದು ದ್ರಾಕ್ಷಿ ಮುಳುಗುತ್ತದೆ. ಕಲ್ಲಿನ ಚೂರು ಎಷ್ಟೇ ಚಿಕ್ಕದಿರಲಿ, ಮುಳುಗುತ್ತದೆ. ಮೇಣದ ಬತ್ತಿ ಇಡಿಯಾಗಿ ಹಾಕಿದರೂ ತೇಲುತ್ತದೆ, ತುಂಡು ಮಾಡಿ ಹಾಕಿದರೂ ತೇಲುತ್ತದೆ. ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಕಿತ್ತಳೆ. ಸಿಪ್ಪೆ ಸಮೇತ ಇರುವ ಹಣ್ಣು ತೇಲುತ್ತದೆ. ಸಿಪ್ಪೆ ಬಿಡಿಸಿ ಹಾಕಿದರೆ ಮುಳುಗುತ್ತದೆ. ಅಂದರೆ ಹಣ್ಣಿನ ತೂಕ ಕಡಿಮೆಯಾಯಿತು, ಆದರೂ ಮುಳುಗಿತು! ತರಗತಿಯಲ್ಲಿ ಗಲಾಟೆ ಏಳುವುದು ಇಲ್ಲೇ. ಸಿಪ್ಪೆಯೊಳಗೆ ತುಂಬ ಗಾಳಿ ಇದೆ, ಅದು ತೂಕಕ್ಕೆ ಅಲ್ಪ, ಜಾಗಕ್ಕೆ ಬಹಳ ಎಂಬ ಮಾತು ಆಮೇಲೆ ಅವರಿಂದಲೇ ಹೊರಡುತ್ತದೆ.

ಹೊಸದಾಗಿ ಪಾಠ ಮಾಡುವವರಿಗೆ ಇಲ್ಲೊಂದು ಎಚ್ಚರಿಕೆ. ಸೂಜಿ, ಬ್ಲೇಡು, ಪೇಪರ್ ಕ್ಲಿಪ್‌ಗಳನ್ನು ಈ ಬುಟ್ಟಿಯಲ್ಲಿ ಸೇರಿಸಬೇಡಿ. ನಿಧಾನವಾಗಿ ಇಟ್ಟರೆ ಅವು ನೀರಿನ ಮೇಲೆ ನಿಲ್ಲುತ್ತವೆ. ಅದು ಮೇಲ್ಮೈ ಎಳೆತದ ಕೆಲಸ, ಒಂದು ಹನಿ ಸೋಪಿನ ನೀರು ಬಿದ್ದರೆ ಮುಳುಗಿಬಿಡುತ್ತವೆ. ಎರಡು ವಿಷಯ ಒಂದೇ ದಿನ ಬೆರೆತರೆ ಮಕ್ಕಳಿಗೆ ಬಿಡಿಸಿಕೊಳ್ಳುವುದು ಬಹಳ ಕಷ್ಟ.

ಈಗ ತಳ್ಳುವಿಕೆಗೆ ಬರೋಣ. ಬಾವಿಯಿಂದ ನೀರು ಸೇದಿದವರಿಗೆ ಇದು ಗೊತ್ತು. ಕೊಡ ನೀರಿನೊಳಗೆ ಇರುವಷ್ಟು ಹೊತ್ತು ಹಗ್ಗ ಹಗುರವಾಗಿ ಬರುತ್ತದೆ. ನೀರು ಬಿಟ್ಟು ಮೇಲೆದ್ದ ಕೂಡಲೇ ಕೈ ಜಗ್ಗುತ್ತದೆ. ಈಗಿನ ಮಕ್ಕಳಲ್ಲಿ ನೀರು ಸೇದಿದವರು ಕಡಿಮೆ, ಮನೆಗೆ ನಲ್ಲಿ ಬಂದಿದೆ. ಆದ್ದರಿಂದ ನಾನು ಶಾಲೆಯ ಡ್ರಮ್ಮಿನಲ್ಲೇ ಇದನ್ನು ಮಾಡಿಸುತ್ತೇನೆ. ಹಗ್ಗ ಕಟ್ಟಿದ ಬಿಂದಿಗೆಯನ್ನು ಡ್ರಮ್ಮಿನೊಳಗೆ ಮುಳುಗಿಸಿ, ಪ್ರತಿಯೊಬ್ಬರೂ ನಿಧಾನವಾಗಿ ಎಳೆಯಬೇಕು. ಆಮೇಲೆ ಖಾಲಿ ಬಕೆಟ್ಟಿನ ತಳವನ್ನು ನೀರಿನ ಮೇಲಿಟ್ಟು ಎರಡೂ ಕೈಯಿಂದ ಒತ್ತಬೇಕು. ಕೆಳಗೆ ಹೋದಷ್ಟೂ ಬಕೆಟ್ಟು ಎದುರು ತಳ್ಳುತ್ತದೆ. "ಯಾರೋ ಕೆಳಗಿನಿಂದ ಎತ್ತಿದ ಹಾಗೆ ಇದೆ ಮೇಡಂ" ಎಂದು ಒಬ್ಬ ಹುಡುಗಿ ಹೇಳಿದ್ದಳು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಕೈಗೆ ಗೊತ್ತಾದ ಮೇಲೆ ಅಳತೆ. ಇಲ್ಲಿ ಒಂದೇ ಒಂದು ಕಗ್ಗಲ್ಲು ನಮ್ಮ ಇಡೀ ಪಾಠವನ್ನು ನಡೆಸುತ್ತದೆ. ಕಲ್ಲಿಗೆ ದಾರ ಕಟ್ಟಿ ಕೊಕ್ಕೆ ಇರುವ ಸ್ಪ್ರಿಂಗ್ ತ್ರಾಸಿಗೆ ತೂಗು ಹಾಕುತ್ತೇವೆ. ಗಾಳಿಯಲ್ಲಿ 530 ಗ್ರಾಂ. ಪೂರ್ತಿ ನೀರಿನಲ್ಲಿ ಮುಳುಗಿಸಿದರೆ ಮುಳ್ಳು ಸುಮಾರು 330ಕ್ಕೆ ಬರುತ್ತದೆ. 200 ಗ್ರಾಂ ಕಡಿಮೆ. ಅಂಚಿನ ತನಕ ನೀರು ತುಂಬಿದ ಪಾತ್ರೆಯಲ್ಲಿ ಕಲ್ಲನ್ನು ಇಳಿಸಿದರೆ ಹೊರಗೆ ಚೆಲ್ಲುವ ನೀರು ಎಷ್ಟು? ಅಳತೆ ಜಾಡಿಯಲ್ಲಿ 200 ಮಿಲಿಲೀಟರ್, ಅಂದರೆ 200 ಗ್ರಾಂ. ಎರಡೂ ಸಂಖ್ಯೆಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ನಾನು ಸುಮ್ಮನಿರುತ್ತೇನೆ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಸಿರಾಕ್ಯೂಸ್ ನಗರದಲ್ಲಿದ್ದ ಆರ್ಕಿಮಿಡೀಸ್ ಕಂಡುಕೊಂಡದ್ದು ಇದನ್ನೇ: ವಸ್ತು ಎಷ್ಟು ನೀರನ್ನು ಸರಿಸುತ್ತದೋ, ಆ ನೀರಿನ ತೂಕದಷ್ಟೇ ಬಲದಿಂದ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಅವನ ಹೆಸರನ್ನು ನಾನು ಹೇಳುವುದು ಈ ಎರಡು ಸಂಖ್ಯೆ ಬಂದ ಮೇಲೆಯೇ.

ಚೆಲ್ಲುವ ಪಾತ್ರೆಯನ್ನು ಕೊಳ್ಳಬೇಕಿಲ್ಲ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಮೇಲಿನ ಭಾಗ ಕತ್ತರಿಸಿ, ಪಕ್ಕಕ್ಕೆ ತೂತು ಮಾಡಿ, ಒಂದು ಸ್ಟ್ರಾ ಕೆಳಮುಖವಾಗಿ ಸೇರಿಸಿ ಎಂಸೀಲ್ ಮೆತ್ತಿದರೆ ಆಯಿತು. ನೀರು ತುಂಬಿದ ಮೇಲೆ ಸ್ಟ್ರಾದಿಂದ ಕೊನೆಯ ಹನಿ ಬೀಳುವುದು ನಿಲ್ಲುವ ತನಕ ಕಾಯಬೇಕು. ಅವಸರ ಮಾಡಿದರೆ ಲೆಕ್ಕ ಹತ್ತಿಪ್ಪತ್ತು ಮಿಲಿಲೀಟರ್ ತಪ್ಪುತ್ತದೆ, ಸಂಖ್ಯೆಗಳು ಹೊಂದದೆ ಹೋದರೆ ಪಾಠದ ಶಕ್ತಿಯೇ ಹೋಗುತ್ತದೆ.

ಮುಂದಿನ ಪ್ರಶ್ನೆ: ಆ 200 ಗ್ರಾಂ ಎಲ್ಲಿ ಹೋಯಿತು? ಕಲ್ಲಿನ ತೂಕ "ಕರಗಿತು" ಎಂದು ಕೆಲವರು ಹೇಳುತ್ತಾರೆ. ಆಗ ನಾನು ಅಡುಗೆಮನೆಯ ಡಿಜಿಟಲ್ ತಕ್ಕಡಿ ತರುತ್ತೇನೆ. ಅದರ ಮೇಲೆ ಅರ್ಧ ನೀರಿರುವ ಪಾತ್ರೆ ಇಟ್ಟು, ಓದುವ ಅಂಕಿಯನ್ನು ಸೊನ್ನೆ ಮಾಡಿಕೊಳ್ಳುತ್ತೇವೆ. ಸ್ಪ್ರಿಂಗ್ ತ್ರಾಸಿನಲ್ಲಿ ತೂಗುತ್ತಿರುವ ಕಲ್ಲನ್ನು ತಳಕ್ಕೆ, ಬದಿಗೆ ತಾಗದಂತೆ ನೀರಿನೊಳಗೆ ಇಳಿಸುತ್ತೇವೆ. ಮೇಲೆ ತ್ರಾಸಿನಲ್ಲಿ 200 ಇಳಿಯುತ್ತಿದ್ದಂತೆ ಕೆಳಗೆ ತಕ್ಕಡಿಯಲ್ಲಿ 200 ಏರುತ್ತದೆ! ನೀರು ಕಲ್ಲನ್ನು ಮೇಲಕ್ಕೆ ತಳ್ಳಿದರೆ ಕಲ್ಲು ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೇ ನಿಯಮ ಅದೇ ವರ್ಷ ಓದಿರುತ್ತಾರೆ, ಆದರೆ ಅದು ಇಲ್ಲಿ ಹೀಗೆ ಎದುರಾಗುತ್ತದೆ ಎಂದು ಯಾರೂ ಅಂದುಕೊಂಡಿರುವುದಿಲ್ಲ. ಕಲ್ಲು ಬೇಡ, ಬೆರಳು ಅದ್ದಿದರೂ ಅಂಕಿ ಏರುತ್ತದೆ. ಎಲ್ಲರೂ ಬೆರಳು ಅದ್ದುತ್ತಾರೆ, ಅದಕ್ಕೆ ಸಮಯ ಕೊಡಬೇಕು. ಈ ಪಾಠದಲ್ಲಿ ಒಂದೇ ಒಂದು ಪ್ರಯೋಗಕ್ಕೆ ಸಮಯ ಇದೆ ಎಂದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ.

ಇನ್ನೊಂದು ಬಲವಾದ ನಂಬಿಕೆ, ಆಳದ ನೀರು ಜಾಸ್ತಿ ತಳ್ಳುತ್ತದೆ ಎಂಬುದು. ಅದೇ ಕಲ್ಲನ್ನು ಡ್ರಮ್ಮಿನಲ್ಲಿ ಪೂರ್ತಿ ಮುಳುಗಿಸಿ, ಇನ್ನೂ ಕೆಳಗೆ, ಇನ್ನೂ ಕೆಳಗೆ ಇಳಿಸಿದರೆ ಮುಳ್ಳು ಅಲ್ಲಾಡುವುದಿಲ್ಲ. ಆಳಕ್ಕೆ ಹೋದಂತೆ ಒತ್ತಡ ಏರುವುದು ನಿಜ. ಆದರೆ ಕಲ್ಲಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಒಂದೇ ಸಮ ಏರುತ್ತದೆ. ಕೆಳಗಿನ ಒತ್ತಡ ಮೇಲಿನದಕ್ಕಿಂತ ಎಷ್ಟು ಜಾಸ್ತಿ ಎಂಬ ವ್ಯತ್ಯಾಸವೇ ತಳ್ಳುವ ಬಲ, ಅದು ಬದಲಾಗುವುದಿಲ್ಲ. ಹಾಗಾದರೆ ಖಾಲಿ ಬಕೆಟ್ಟು ಒತ್ತಿದಷ್ಟೂ ಎದುರು ತಳ್ಳಿದ್ದು ಯಾಕೆ ಎಂದು ಯಾರಾದರೂ ಕೇಳಬೇಕು. ಕೇಳದಿದ್ದರೆ ನಾನೇ ಕೇಳುತ್ತೇನೆ. ಅಲ್ಲಿ ಬಕೆಟ್ಟು ಪೂರ್ತಿ ಮುಳುಗಿರಲಿಲ್ಲ, ಒತ್ತಿದಷ್ಟೂ ಹೆಚ್ಚು ನೀರು ಸರಿಯುತ್ತಿತ್ತು, ಅಲ್ವಾ?

ಸಾಂದ್ರತೆ ಬರುವುದು ಈಗ. ಕಲ್ಲಿನ ತೂಕ 530, ಅದರಷ್ಟೇ ಗಾತ್ರದ ನೀರಿನ ತೂಕ 200. ನೀರು ಎಷ್ಟೇ ತಳ್ಳಿದರೂ 200ಕ್ಕಿಂತ ಜಾಸ್ತಿ ತಳ್ಳಲಾರದು. ಆದ್ದರಿಂದ ಕಲ್ಲು ಮುಳುಗುತ್ತದೆ. 530ನ್ನು 200ರಿಂದ ಭಾಗಿಸಿದರೆ 2.65, ಇದೇ ಕಲ್ಲಿನ ಸಾಂದ್ರತೆ. ನೀರಿನದು ಒಂದು ಘನ ಸೆಂಟಿಮೀಟರಿಗೆ 1 ಗ್ರಾಂ. ಮೇಣದ ಬತ್ತಿಗೆ ಸುಮಾರು 0.9, ಅಲ್ಯೂಮಿನಿಯಂಗೆ 2.7, ಕಬ್ಬಿಣಕ್ಕೆ 7.9, ಪಾದರಸಕ್ಕೆ 13.6. ಪ್ರತಿ ಸಲ ತಳ್ಳುವ ಬಲದ ಲೆಕ್ಕ ಹಾಕುವ ಬದಲು ಈ ಒಂದು ಅಂಕಿ ನೋಡಿದರೆ ಸಾಕು ಎಂದು ಮಕ್ಕಳಿಗೆ ಆಗ ಹೊಳೆಯುತ್ತದೆ. ಕಬ್ಬಿಣ ಪಾದರಸದಲ್ಲಿ ತೇಲುತ್ತದೆ ಎಂದು ಯಾರೂ ಹೇಳಿಕೊಡದೆ ಅವರೇ ಪಟ್ಟಿ ನೋಡಿ ಹೇಳುತ್ತಾರೆ. ಪಾದರಸ ವಿಷ, ಅದನ್ನು ನಾನು ತರಗತಿಗೆ ತರುವುದಿಲ್ಲ.

ನಮ್ಮ ಊರಿನಲ್ಲಿ ಸಾಂದ್ರತೆ ಪುಸ್ತಕದ ಮಾತಲ್ಲ. ಭತ್ತದ ಬೀಜವನ್ನು ಉಪ್ಪು ನೀರಿಗೆ ಹಾಕಿ ಆರಿಸುವ ಪದ್ಧತಿ ಇದೆ. ನೀರಿನಲ್ಲಿ ಒಂದು ಹಸಿ ಮೊಟ್ಟೆ ಬಿಡುತ್ತಾರೆ. ಅದು ತಳ ಬಿಟ್ಟು ಮೇಲೆದ್ದು, ನಾಣ್ಯದಗಲ ಹೊರಗೆ ಕಾಣುವ ತನಕ ಉಪ್ಪು ಕರಗಿಸುತ್ತಾರೆ. ಆಮೇಲೆ ಬೀಜ ಸುರಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ತಳಕ್ಕೆ ಕೂರುತ್ತದೆ. ಗಟ್ಟಿ ಕಾಳನ್ನು ಎರಡು ಮೂರು ಸಲ ಒಳ್ಳೆ ನೀರಿನಲ್ಲಿ ತೊಳೆದು ಬಿತ್ತನೆಗೆ ಇಟ್ಟುಕೊಳ್ಳುತ್ತಾರೆ. ಬರೀ ನೀರು ಸಾಲದೇ ಎಂದು ಕೇಳಿದರೆ ರೈತರ ಮಕ್ಕಳೇ ಉತ್ತರ ಕೊಡುತ್ತಾರೆ. ಬರೀ ನೀರಿನಲ್ಲಿ ಅರೆಬರೆ ತುಂಬಿದ ಕಾಳೂ ಮುಳುಗಿಬಿಡುತ್ತದೆ. ಉಪ್ಪು ಹಾಕಿ ನೀರಿನ ಸಾಂದ್ರತೆ ಏರಿಸಿದರೆ ಅದು ತೇಲಿ ಬೇರೆಯಾಗುತ್ತದೆ. ತರಗತಿಯಲ್ಲಿ ಮೊಟ್ಟೆ ತೇಲಿಸಲು ಲೀಟರಿಗೆ 100ರಿಂದ 150 ಗ್ರಾಂ ಉಪ್ಪು ಬೇಕಾಗುತ್ತದೆ. ಹಳೆ ಮೊಟ್ಟೆಗೆ ಕಡಿಮೆ ಸಾಕು. ಚಿಪ್ಪಿನ ಸಣ್ಣ ತೂತುಗಳಿಂದ ತೇವ ಹೊರಗೆ ಹೋಗಿ ಒಳಗೆ ಗಾಳಿ ಸೇರುತ್ತದೆ, ಗಾತ್ರ ಅಷ್ಟೇ, ತೂಕ ಕಡಿಮೆ.

ಡೇರಿಯ ಲ್ಯಾಕ್ಟೋಮೀಟರ್, ಅಂದರೆ ಹಾಲಿನಲ್ಲಿ ತೇಲಿಬಿಟ್ಟು ಸಾಂದ್ರತೆ ನೋಡುವ ಗಾಜಿನ ಕೊಳವೆ, ಕೂಡ ಇದೇ ಲೆಕ್ಕ. ಹಸುವಿನ ಹಾಲಿನ ಸಾಂದ್ರತೆ ಸುಮಾರು 1.03. ನೀರು ಬೆರೆಸಿದರೆ ಅದು 1ರ ಕಡೆಗೆ ಇಳಿಯುತ್ತದೆ, ಕೊಳವೆ ಇನ್ನಷ್ಟು ಮುಳುಗುತ್ತದೆ. ಈಗ ಬಹಳ ಕಡೆ ಯಂತ್ರ ಬಂದಿದೆ, ಆದರೂ ಮನೆಯಲ್ಲಿ ಇದನ್ನು ನೋಡಿದ ಮಕ್ಕಳು ಇದ್ದೇ ಇರುತ್ತಾರೆ. ಸ್ಟ್ರಾದ ತುದಿಗೆ ಜೇಡಿಮಣ್ಣು ಮೆತ್ತಿ ನಾವೂ ಒಂದು ಮಾಡುತ್ತೇವೆ. ಕೆನೆ ತೆಗೆದ ಹಾಲಿನಲ್ಲಿ ಅಂಕಿ ಏರುತ್ತದೆಯೋ ಇಳಿಯುತ್ತದೆಯೋ ಎಂಬುದು ಒಳ್ಳೆ ಪ್ರಶ್ನೆ. ಕೊಬ್ಬು ನೀರಿಗಿಂತ ಹಗುರ, ಅದನ್ನು ತೆಗೆದರೆ ಸಾಂದ್ರತೆ ಏರುತ್ತದೆ. ಕೆನೆ ತೆಗೆದು ಅಷ್ಟು ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಮೋಸ ಹೋಗುತ್ತದೆ. ಅದಕ್ಕೇ ಡೇರಿಯಲ್ಲಿ ಕೊಬ್ಬಿನ ಪರೀಕ್ಷೆಯೂ ಬೇಕು.

ಚಳಿಗಾಲ ಬಂದರೆ ಇನ್ನೊಂದು ತೋರಿಸುತ್ತೇನೆ. ಬೆಳಿಗ್ಗೆ ಗಟ್ಟಿಯಾದ ಕೊಬ್ಬರಿ ಎಣ್ಣೆಯ ತುಂಡನ್ನು ತೆಳು ಕೊಬ್ಬರಿ ಎಣ್ಣೆಗೆ ಹಾಕಿದರೆ ಮುಳುಗುತ್ತದೆ. ಮಂಜುಗಡ್ಡೆ ನೀರಿನಲ್ಲಿ ತೇಲುತ್ತದೆ. ಗಟ್ಟಿಯಾದದ್ದು ತೇಲುವುದು ಸಾಮಾನ್ಯವಲ್ಲ, ನೀರಿನ ವಿಶೇಷ ಎಂದು ಇದರಿಂದ ಗೊತ್ತಾಗುತ್ತದೆ.

ಕೊನೆಗೆ ದೋಣಿ. ತುಂಗಭದ್ರೆಯಲ್ಲಿ, ಹಂಪಿಯ ಹತ್ತಿರ ಓಡಾಡುವ ಹರಿಗೋಲನ್ನು ಲೆಕ್ಕಕ್ಕೆ ಕೊಡುತ್ತೇನೆ. ಅದರ ತಳ ಎರಡು ಮೀಟರ್ ಅಗಲದ ವೃತ್ತ ಎಂದು ಹಿಡಿದರೆ ವಿಸ್ತೀರ್ಣ 3.14 ಚದರ ಮೀಟರ್. 60 ಕಿಲೋ ತೂಕದ ಒಬ್ಬರು ಹತ್ತಿದರೆ 60 ಲೀಟರ್ ನೀರು ಹೆಚ್ಚಾಗಿ ಸರಿಯಬೇಕು. ಭಾಗಿಸಿದರೆ ಸುಮಾರು 2 ಸೆಂಟಿಮೀಟರ್. ಪ್ರತಿಯೊಬ್ಬರು ಹತ್ತಿದಾಗಲೂ ಹರಿಗೋಲು ಎರಡು ಬೆರಳಿನಗಲಕ್ಕಿಂತ ಕಡಿಮೆ ಇಳಿಯುತ್ತದೆ! ಅಂಚು ನೀರಿಗೆ ಎಷ್ಟು ಹತ್ತಿರ ಬಂದರೆ ಅಪಾಯ, ಎಷ್ಟು ಜನ ಸಾಕು ಎಂಬುದನ್ನು ಅವರೇ ಲೆಕ್ಕ ಹಾಕುತ್ತಾರೆ. ಜನ ಒಂದೇ ಕಡೆ ವಾಲಿದರೆ ಈ ಲೆಕ್ಕ ಸಾಲದು ಎಂದೂ ಹೇಳುತ್ತೇನೆ.

ಎಲ್ಲ ಮುಗಿದ ಮೇಲೆ ನಾನು ಕೊಡುವ ಪರೀಕ್ಷೆ ಒಂದೇ. ಅಗಲ ಕಡಿಮೆ ಇರುವ ಡಬ್ಬದಲ್ಲಿ ನೀರು, ನೀರಿನ ಮೇಲೆ ತೇಲುವ ಸ್ಟೀಲ್ ಬಟ್ಟಲು, ಬಟ್ಟಲಿನಲ್ಲಿ ನಮ್ಮ 530 ಗ್ರಾಂ ಕಲ್ಲು. ನೀರಿನ ಮಟ್ಟಕ್ಕೆ ಸ್ಕೆಚ್ ಪೆನ್ನಿನಿಂದ ಗೆರೆ. ಕಲ್ಲನ್ನು ಬಟ್ಟಲಿನಿಂದ ತೆಗೆದು ಡಬ್ಬದ ನೀರಿಗೇ ಹಾಕಿದರೆ ಮಟ್ಟ ಏರುತ್ತದೆಯೋ, ಇಳಿಯುತ್ತದೆಯೋ, ಹಾಗೇ ಇರುತ್ತದೆಯೋ? ಊಹೆ ಬರೆಯಬೇಕು, ಕಾರಣವನ್ನು ಸಂಖ್ಯೆಯಲ್ಲಿ ಕೊಡಬೇಕು. ಏರುತ್ತದೆ ಎಂದು ಬರೆಯುವವರು ಮೊದಲು ಬಹಳ ಇರುತ್ತಾರೆ. ಪಕ್ಕದವರ ಜೊತೆ ಜಗಳಾಡಲು ಬಿಟ್ಟರೆ ಯಾರೋ ಒಬ್ಬರು ಲೆಕ್ಕ ಹಿಡಿಯುತ್ತಾರೆ. ಬಟ್ಟಲಿನಲ್ಲಿ ಕೂತು ತೇಲುವಾಗ ಕಲ್ಲು ತನ್ನ ತೂಕದಷ್ಟು, ಅಂದರೆ 530 ಮಿಲಿಲೀಟರ್ ನೀರು ಸರಿಸುತ್ತದೆ. ಮುಳುಗಿದಾಗ ತನ್ನ ಗಾತ್ರದಷ್ಟು ಮಾತ್ರ, 200. ಆದ್ದರಿಂದ 330 ಮಿಲಿಲೀಟರಿನಷ್ಟು ಮಟ್ಟ ಇಳಿಯಬೇಕು. 20 ಸೆಂಟಿಮೀಟರ್ ಅಗಲದ ದುಂಡನೆ ಡಬ್ಬದಲ್ಲಿ ಅದು ಗೆರೆಗಿಂತ ಒಂದು ಸೆಂಟಿಮೀಟರ್ ಕೆಳಗೆ ಬರುತ್ತದೆ. ಬೇರೆ ಅಗಲದ ಡಬ್ಬಕ್ಕೆ ಎಷ್ಟು ಎಂಬುದೇ ಅವರ ಮನೆಗೆಲಸ.